ತೂಕದ ಕಲ್ಲೇ ಕರಗಿದರೆ?

ಕೈವಾರದ ಹೆಸರು ಹೇಳಿದೊಡನೆ ನೆನಪಿಗೆ ಬರುವವರು ಇಬ್ಬರು. ಒಬ್ಬ ಬಕಾಸುರ, ಇನ್ನೊಬ್ಬರು ತಾತಯ್ಯ. ಮಹಾಭಾರತದ ಏಕಚಕ್ರಪುರ ಇದೇ ಊರು, ಬಂಡಿ ಅನ್ನ ಉಂಡು ಭೀಮ ಬಕನನ್ನು ಕೊಂದದ್ದು ಇಲ್ಲೇ ಎಂಬುದು ಸ್ಥಳಪುರಾಣ. ಅದರ ಗುರುತಾಗಿ ಭೀಮೇಶ್ವರನ ಗುಡಿ ಇದೆ. ತಾತಯ್ಯ ಎಂದರೆ ಯೋಗಿ ನಾರೇಯಣರು. ಸಂಸಾರಿಯಾಗಿದ್ದಾಗ ಅವರು ಬಳೆ ಮಲಾರ ಹೊತ್ತು ಊರೂರು ತಿರುಗಿದ ನಾರಾಯಣಪ್ಪ. 1726ರಲ್ಲಿ ಹುಟ್ಟಿ 110 ವರ್ಷ ಬಾಳಿದರು ಎಂದು ಭಕ್ತರು ನಂಬುತ್ತಾರೆ. ಗುರು ಪರದೇಶಿಸ್ವಾಮಿ ಅವರ ಕೈಗೆ ಒಂದು ಕಲ್ಲು ಕೊಟ್ಟು, ಬಾಯಲ್ಲಿಟ್ಟುಕೊಂಡು ಜಪ ಮಾಡಬೇಕೆಂದೂ ಅದು ಕಲ್ಲುಸಕ್ಕರೆಯಾದ ದಿನ ಸಾಧನೆ ಮುಗಿಯಿತೆಂದು ತಿಳಿಯಬೇಕೆಂದೂ ಹೇಳಿದರಂತೆ. ವರ್ಷಗಳ ಜಪದ ನಂತರ ಕಲ್ಲು ಕರಗಿ ಸಿಹಿಯಾಯಿತು ಎನ್ನುತ್ತದೆ ಐತಿಹ್ಯ.

ಯೋಗಿಯ ಬಾಯಲ್ಲಿ ಕಲ್ಲು ಸಕ್ಕರೆಯಾದರೆ ಅದು ಸಿದ್ಧಿ. ಆದರೆ ಅಂಗಡಿಯ ತಕ್ಕಡಿಯಲ್ಲಿ ತೂಕದ ಕಲ್ಲೇ ಸಕ್ಕರೆಯ ಹಾಗೆ ಕರಗತೊಡಗಿದರೆ? ಕೊಂಡವನಿಗೂ ನಷ್ಟ, ಮಾರಿದವನಿಗೂ ಗೊಂದಲ. ಎಲ್ಲಕ್ಕಿಂತ ದೊಡ್ಡ ಅಪಾಯವೆಂದರೆ, ಕಲ್ಲು ಕರಗುತ್ತಿರುವುದು ಇಬ್ಬರ ಕಣ್ಣಿಗೂ ಬೀಳುವುದಿಲ್ಲ. ಸಕ್ಕರೆ ಕಾಯಿಲೆಯ ಸಂಶೋಧನೆಯಲ್ಲಿ ಇಂಥದ್ದೇ ಸಂಗತಿ ನಡೆದಿದೆ. ಪ್ರಯೋಗಾಲಯಗಳು ಅಳತೆಗೆಂದು ನಂಬಿ ಇಟ್ಟುಕೊಂಡ 'ಕಲ್ಲು' ಅದೇ ಕಾಯಿಲೆಯಿಂದ ಕರಗುವಂಥದ್ದು ಎಂದು ಗೊತ್ತಾಗಲು, ಗೊತ್ತಾದ ಮೇಲೂ ಅದನ್ನು ಪಕ್ಕಕ್ಕಿಡಲು, ಬಹಳ ಕಾಲ ಹಿಡಿಯಿತು.

ಕೊಳಗದಿಂದ ಕಿಲೋಗೆ

ಕೈವಾರದ ಸುತ್ತಿನ ಸೀಮೆ ರಾಗಿ ಮತ್ತು ರೇಷ್ಮೆಯದು. ಕಣದಲ್ಲಿ ರಾಗಿ ಅಳೆಯುವಾಗ ಹಿರಿಯರು 'ಒಂದು' ಎಂದು ಎಣಿಕೆ ಶುರು ಮಾಡುತ್ತಿರಲಿಲ್ಲ, 'ಲಾಭ' ಎನ್ನುತ್ತಿದ್ದರು. ಅಳತೆಯ ಪಾತ್ರೆಗಳು ಪಾವು, ಸೇರು, ಬಳ್ಳ, ಕೊಳಗ. ಹೆಸರು ಎಲ್ಲೆಡೆ ಒಂದೇ ಆದರೂ ಗಾತ್ರ ಒಂದೇ ಆಗಿರಲಿಲ್ಲ. ಒಂದು ಸಂತೆಯ ಸೇರಿಗೂ ಪಕ್ಕದ ಸಂತೆಯ ಸೇರಿಗೂ ವ್ಯತ್ಯಾಸವಿತ್ತು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಹೋದ ಕಡೆಯೆಲ್ಲ ಸ್ಥಳೀಯ ಅಳತೆ ತೂಕಗಳನ್ನು ಬರೆದುಕೊಳ್ಳಬೇಕಾಗಿ ಬಂದದ್ದು ಇದೇ ಕಾರಣಕ್ಕೆ. ಸ್ವತಂತ್ರ ಭಾರತ 1956ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಮಾಡಿ, 1958ರ ಅಕ್ಟೋಬರ್‌ನಿಂದ ಕಿಲೋಗ್ರಾಂ ತೂಕವನ್ನು ಹಂತಹಂತವಾಗಿ ಜಾರಿಗೆ ತಂದಿತು.

ಕಿಲೋ ಬಂದ ಮೇಲೆ ತಂಟೆ ಮುಗಿಯಿತೇ? ಮುಗಿಯಲಿಲ್ಲ. ಜಗತ್ತಿನ ಎಲ್ಲ ಕಿಲೋಗಳ ತಾಯಿಯಾದ ಪ್ಲಾಟಿನಂ-ಇರಿಡಿಯಂ ಗುಂಡು 1889ರಿಂದ ಪ್ಯಾರಿಸ್ ಸಮೀಪದ ಸೆವ್ರ್‌ನಲ್ಲಿ ಗಾಜಿನ ಗಂಟೆಗಳೊಳಗೆ ಭದ್ರವಾಗಿತ್ತು. ಸುಮಾರು ನೂರು ವರ್ಷಗಳ ನಂತರ ಅದನ್ನು ಅದರ ಪ್ರತಿಗಳೊಂದಿಗೆ ಹೋಲಿಸಿ ತೂಗಿದಾಗ ಒಂದು ಗ್ರಾಮಿನ ಲಕ್ಷ ಭಾಗಗಳಲ್ಲಿ ಐದು ಭಾಗದಷ್ಟು ಅಂತರ ಕಂಡಿತು. ಬದಲಾದದ್ದು ತಾಯಿಯೋ ಮಕ್ಕಳೋ? ಹೇಳಲು ದಾರಿಯಿಲ್ಲ. ಏಕೆಂದರೆ ಕಿಲೋ ಎಂದರೆ ಆ ಗುಂಡೇ. ಅದನ್ನು ತೂಗಲು ಬೇರೆ ಕಲ್ಲಿಲ್ಲ. ಕಡೆಗೆ 2019ರ ಮೇ 20ರಂದು ಆ ಗುಂಡಿಗೆ ನಿವೃತ್ತಿ ಕೊಟ್ಟು, ಪ್ರಕೃತಿಯ ಒಂದು ನಿಯತಾಂಕದ ಮೇಲೆ ಕಿಲೋವನ್ನು ನಿಲ್ಲಿಸಲಾಯಿತು.

ಅಳತೆಯ ಆಧಾರ ತಾನೇ ಅಲುಗಾಡಿದರೆ ಅಳತೆ ಮಾಡುವವನಿಗೆ ಅದು ತಿಳಿಯುವುದಿಲ್ಲ. ಈ ಮಾತು ಲೋಹಕ್ಕೆ ಎಷ್ಟು ನಿಜವೋ ಜೀವಕೋಶಕ್ಕೂ ಅಷ್ಟೇ ನಿಜ.

ಮೂಲಪತ್ರ ಮತ್ತು ನಕಲು

ದೇಹದ ಪ್ರತಿಯೊಂದು ಜೀವಕೋಶದಲ್ಲೂ ವಂಶವಾಹಿಗಳ, ಅಂದರೆ ಜೀನ್‌ಗಳ, ಒಂದು ದಫ್ತರವಿದೆ. ಕೆಲವೇ ಅಪವಾದಗಳನ್ನು ಬಿಟ್ಟರೆ ಯಕೃತ್ತು, ಸ್ನಾಯು, ಕೊಬ್ಬು ಎಲ್ಲೆಡೆ ಇರುವುದು ಒಂದೇ ದಫ್ತರ. ಹಾಗಾದರೆ ಯಕೃತ್ತು ಯಕೃತ್ತಾಗಿಯೂ ಸ್ನಾಯು ಸ್ನಾಯುವಾಗಿಯೂ ಇರುವುದು ಹೇಗೆ? ಉತ್ತರಕ್ಕೆ ತಾಲ್ಲೂಕು ಕಚೇರಿಯನ್ನು ನೆನೆದರೆ ಸಾಕು. ಮೂಲಪತ್ರ ದಾಖಲೆ ಕೊಠಡಿ ಬಿಟ್ಟು ಹೊರಗೆ ಬರುವುದಿಲ್ಲ. ಬೇಕಾದವರಿಗೆ ಬೇಕಾದ ಪುಟದ ನಕಲು ಮಾತ್ರ ಸಿಗುತ್ತದೆ. ಡಿಎನ್ಎ ಮೂಲಪತ್ರವಾದರೆ ಆರ್‌ಎನ್ಎ ಅದರ ನಕಲು. ಆ ನಕಲನ್ನು ಓದಿಕೊಂಡು ಕೋಶ ಪ್ರೊಟೀನು ತಯಾರಿಸುತ್ತದೆ. ಯಾವ ಪುಟದ ನಕಲು ಎಷ್ಟು ಹೊರಟಿತು ಎಂಬುದೇ ವಂಶವಾಹಿಯ 'ಅಭಿವ್ಯಕ್ತಿ'.

ಸಕ್ಕರೆ ಕಾಯಿಲೆಯಲ್ಲಿ ಮೂಲಪತ್ರ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಏರುಪೇರಾಗುವುದು ನಕಲುಗಳ ಸಂಖ್ಯೆ. ಇನ್ಸುಲಿನ್ನಿನ ಸಂದೇಶವನ್ನು ಕೇಳಿಸಿಕೊಳ್ಳುವ ವಂಶವಾಹಿಯ ನಕಲು ಕಡಿಮೆಯಾಯಿತೇ? ಉರಿಯೂತಕ್ಕೆ ಕಾರಣವಾದದ್ದರ ನಕಲು ಹೆಚ್ಚಿತೇ? ಮೂತ್ರಪಿಂಡ ಕೆಡುವ ಮೊದಲೇ ಸೂಚನೆ ಕೊಡುವ ನಕಲು ರಕ್ತದಲ್ಲಿ ಸಿಕ್ಕೀತೇ? ಹೊಸ ಔಷಧಿ, ಹೊಸ ರಕ್ತಪರೀಕ್ಷೆಗಳ ಹುಡುಕಾಟ ಸಾಗುವುದು ಈ ಪ್ರಶ್ನೆಗಳ ಜಾಡಿನಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ ಸಕ್ಕರೆ ಕಾಯಿಲೆಯವರ ಅಂದಾಜು ಸಂಖ್ಯೆ 10.1 ಕೋಟಿ. ಕಾಯಿಲೆಯ ಹೊಸ್ತಿಲಲ್ಲಿ ನಿಂತವರು ಇನ್ನೂ 13.6 ಕೋಟಿ. ಎಣಿಕೆ ತಪ್ಪಿದರೆ ದಾರಿ ತಪ್ಪುವುದು ಇಷ್ಟು ಜನರ ಚಿಕಿತ್ಸೆಯ ಹುಡುಕಾಟ.

ಇಮ್ಮಡಿಯ ಲೆಕ್ಕ

ನಕಲುಗಳನ್ನು ಎಣಿಸುವುದು ಹೇಗೆ? ಅವು ಕಣ್ಣಿಗೆ ಕಾಣುವಂಥವಲ್ಲ. ಆದ್ದರಿಂದ ಆರ್‌ಎನ್ಎಯನ್ನು ಮೊದಲು ಡಿಎನ್ಎ ರೂಪಕ್ಕೆ ತಿರುಗಿಸುತ್ತಾರೆ. ಆ ಮೇಲೆ ಪಿಸಿಆರ್ ಎಂಬ ವಿಧಾನದಿಂದ ಬೆಳೆಸುತ್ತಾರೆ. ಇದನ್ನು 1983ರಲ್ಲಿ ಕಲ್ಪಿಸಿದ ಅಮೆರಿಕದ ಕ್ಯಾರಿ ಮುಲ್ಲಿಸ್‌ಗೆ 1993ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರಿಗೆಲ್ಲ ಇದರ ಹೆಸರು ಪರಿಚಿತ. ಒಂದೊಂದು ಸುತ್ತಿಗೂ ಪ್ರಮಾಣ ಇಮ್ಮಡಿಯಾಗುತ್ತದೆ: ಒಂದು ಎರಡಾಗಿ, ಎರಡು ನಾಲ್ಕಾಗಿ, ಹತ್ತು ಸುತ್ತಿಗೆ 1,024. ಯಂತ್ರದ ಕಣ್ಣಿಗೆ ಬೀಳುವ ಮಟ್ಟ ತಲುಪಲು ಎಷ್ಟು ಸುತ್ತು ಬೇಕಾಯಿತು ಎಂದು ನೋಡುತ್ತಾರೆ. ಮೊದಲೇ ಹೆಚ್ಚು ನಕಲು ಇದ್ದರೆ ಕಡಿಮೆ ಸುತ್ತು ಸಾಕು. ಒಂದು ಸುತ್ತು ಮುಂಚೆ ಬಂದರೆ ನಕಲು ಎರಡರಷ್ಟಿತ್ತು ಎಂದು ಅರ್ಥ.

ತೊಡಕು ಇರುವುದು ಇಲ್ಲೇ. ಒಬ್ಬ ಆರೋಗ್ಯವಂತನ ಮಾದರಿ 25ನೇ ಸುತ್ತಿಗೂ ಒಬ್ಬ ರೋಗಿಯ ಮಾದರಿ 24ನೇ ಸುತ್ತಿಗೂ ಕಾಣಿಸಿತೆನ್ನಿ. ರೋಗಿಯಲ್ಲಿ ನಕಲು ದುಪ್ಪಟ್ಟು ಎನ್ನಬಹುದೇ? ಹೇಳಲಾಗದು. ರೋಗಿಯ ನಳಿಕೆಗೆ ಬಿದ್ದ ಆರ್‌ಎನ್ಎಯೇ ಒಟ್ಟಾರೆ ದುಪ್ಪಟ್ಟು ಇದ್ದಿರಬಹುದು. ಒಂದು ಮೂಟೆಯಿಂದ ಒಂದು ಸೇರು, ಇನ್ನೊಂದರಿಂದ ಎರಡು ಸೇರು ತೆಗೆದು ಕಾಳು ಎಣಿಸಿದ ಹಾಗಾಯಿತು. ಈ ಅನುಮಾನ ಕಳೆಯಲು ಅದೇ ನಳಿಕೆಯಲ್ಲಿ ಇನ್ನೊಂದು ವಂಶವಾಹಿಯನ್ನೂ ಅಳೆಯಬೇಕು. ಅದು ಆರೋಗ್ಯದಲ್ಲೂ ರೋಗದಲ್ಲೂ ಒಂದೇ ಸಮ ಇರುವಂಥದ್ದಾಗಿರಬೇಕು. ಅದೇ ಆಧಾರ ವಂಶವಾಹಿ. ಅದು ಆರೋಗ್ಯವಂತನಲ್ಲಿ 18ಕ್ಕೂ ರೋಗಿಯಲ್ಲಿ 17ಕ್ಕೂ ಬಂದರೆ, ಹೆಚ್ಚಿದ್ದದ್ದು ಮಾದರಿಯೇ ಹೊರತು ರೋಗದ ಪರಿಣಾಮವಲ್ಲ ಎಂದು ತಿಳಿಯುತ್ತದೆ. ಎರಡರಲ್ಲೂ ಅಂತರ ಏಳೇ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಈ ಬಾರಿ ಮಾದರಿಗಳ ಪ್ರಮಾಣ ಸಮ ಇದೆ. ಹುಡುಕುತ್ತಿರುವ ವಂಶವಾಹಿ ಇಬ್ಬರಲ್ಲೂ 25ಕ್ಕೇ ಬಂತು. ಅಂದರೆ ಅದರಲ್ಲಿ ಬದಲಾವಣೆಯೇ ಇಲ್ಲ. ಆದರೆ ನಂಬಿದ ಆಧಾರ ವಂಶವಾಹಿಯೇ ರೋಗಿಯಲ್ಲಿ ಅರ್ಧಕ್ಕಿಳಿದು 18ರ ಬದಲು 19ಕ್ಕೆ ಬಂತು. ಆರೋಗ್ಯವಂತನಲ್ಲಿ ಅಂತರ ಏಳು, ರೋಗಿಯಲ್ಲಿ ಆರು. ಲೆಕ್ಕದ ಪ್ರಕಾರ ರೋಗಿಯಲ್ಲಿ ನಕಲು 'ಎರಡರಷ್ಟಾಯಿತು'! ನಿಂತ ರೈಲಿನಲ್ಲಿ ಕುಳಿತವನಿಗೆ ಪಕ್ಕದ ರೈಲು ಹೊರಟಾಗ ತಾನೇ ಚಲಿಸಿದಂತೆ ಅನಿಸುತ್ತದಲ್ಲ, ಹಾಗೆ. ಇಲ್ಲದ ಬದಲಾವಣೆ ಇದೆಯೆಂದು ಪ್ರಕಟವಾಗಬಹುದು. ಇದ್ದ ಬದಲಾವಣೆ ಅಳಿಸಿಯೂ ಹೋಗಬಹುದು.

ಮನೆವಾರ್ತೆಯವರ ಮೇಲಿನ ನಂಬಿಕೆ

ಆಧಾರಕ್ಕೆ ಯಾವ ವಂಶವಾಹಿ ಸೂಕ್ತ? ಮೊದಲು ಹೊಳೆದ ಉತ್ತರ ಸರಳವಾಗಿತ್ತು. ಹಬ್ಬವಿರಲಿ ಸೂತಕವಿರಲಿ, ಮನೆಯಲ್ಲಿ ಒಲೆ ಉರಿಯಬೇಕು, ಕಸ ಗುಡಿಸಬೇಕು, ನೀರು ತರಬೇಕು. ಹಾಗೆಯೇ ಕೋಶದಲ್ಲೂ ನಿತ್ಯದ ಕೆಲಸಗಳಿವೆ. ಅವನ್ನು ನಡೆಸುವ 'ಮನೆವಾರ್ತೆ' ವಂಶವಾಹಿಗಳು ಸದಾ ಒಂದೇ ಪ್ರಮಾಣದಲ್ಲಿರುತ್ತವೆ ಎಂದು ಊಹಿಸಲಾಯಿತು. ಅವುಗಳಲ್ಲಿ ಅತಿ ಜನಪ್ರಿಯವಾದದ್ದು ಜಿಎಪಿಡಿಎಚ್. ಎಲ್ಲ ಕೋಶಗಳಲ್ಲೂ ಧಾರಾಳವಾಗಿ ಸಿಗುತ್ತದೆ, ಅಳೆಯುವುದು ಸುಲಭ, ಹಿಂದಿನವರೂ ಬಳಸಿದ್ದರು. ಹಿಂದಿನವರು ಬಳಸಿದ್ದೇ ಮುಂದಿನವರಿಗೆ ಪ್ರಮಾಣವಾಯಿತು.

ಜಿಎಪಿಡಿಎಚ್ ಮಾಡುವ ನಿತ್ಯದ ಕೆಲಸ ಯಾವುದು? ಗ್ಲೂಕೋಸನ್ನು ಒಡೆದು ಶಕ್ತಿ ತೆಗೆಯುವ ಹತ್ತು ಮೆಟ್ಟಿಲುಗಳ ಕ್ರಿಯೆಯಲ್ಲಿ ಆರನೇ ಮೆಟ್ಟಿಲು ಅದರದು. ಅಂದರೆ ಅದು ಸಕ್ಕರೆಯ ಕೆಲಸಗಾರ. ಇನ್ಸುಲಿನ್ ಬಂದಾಗ ಕೊಬ್ಬಿನ ಕೋಶಗಳಲ್ಲಿ ಅದರ ನಕಲು ಏರುತ್ತದೆ ಎಂದು 1980ರ ದಶಕದಲ್ಲೇ ಪ್ರಯೋಗಗಳು ತೋರಿಸಿದ್ದವು. ಇನ್ಸುಲಿನ್ ಸಾಲದಿರುವುದು ಅಥವಾ ಅದರ ಮಾತು ನಡೆಯದಿರುವುದೇ ಸಕ್ಕರೆ ಕಾಯಿಲೆ. ಆ ಕಾಯಿಲೆಯನ್ನು ಅಳೆಯಲು ಇನ್ಸುಲಿನ್ನಿನ ಮಾತಿಗೆ ಕುಣಿಯುವ ವಂಶವಾಹಿಯನ್ನೇ ಸ್ಥಿರವೆಂದು ನಂಬುವುದೆಂದರೆ, ವ್ಯಾಜ್ಯದ ಕಕ್ಷಿಗಾರನನ್ನೇ ನ್ಯಾಯ ಹೇಳಲು ಕೂರಿಸಿದಂತೆ.

ಎರಡನೆಯ ಜನಪ್ರಿಯ ಹೆಸರು ಬೀಟಾ ಆಕ್ಟಿನ್. ಇದು ಕೋಶದ ಹಂದರದ ಗಳು. ಕೊಬ್ಬಿನ ಕೋಶ ಉಬ್ಬಿದಾಗ, ಮೂತ್ರಪಿಂಡ ನಾರುಗಟ್ಟಿದಾಗ ಹಂದರವೇ ಬದಲಾಗುತ್ತದೆ. ಮೂರನೆಯದು ರೈಬೋಸೋಮಿನ 18ಎಸ್ ಆರ್‌ಎನ್ಎ. ಅದು ಎಷ್ಟು ಹೇರಳವೆಂದರೆ, ವಿರಳವಾದ ನಕಲನ್ನು ಅದರ ಎದುರಿಗಿಟ್ಟು ಅಳೆಯುವುದು ಬಂಗಾರವನ್ನು ಸೌದೆ ತೂಗುವ ತಕ್ಕಡಿಯಲ್ಲಿ ತೂಗಿದಂತೆ. ಇವುಗಳಲ್ಲಿ ಯಾವುದೂ ಎಲ್ಲ ಕಡೆ ಕೆಟ್ಟದ್ದಲ್ಲ. ಒಂದು ಅಂಗಾಂಶದಲ್ಲಿ, ಒಂದು ಪ್ರಯೋಗದಲ್ಲಿ ಜಿಎಪಿಡಿಎಚ್ ಕೂಡ ಸ್ಥಿರವಾಗಿ ನಿಲ್ಲಬಹುದು. ಆದರೆ ಹಾಗೆ ನಿಂತಿದೆಯೇ ಎಂದು ಪರೀಕ್ಷಿಸದೆ ಬಳಸುವುದು ತಪ್ಪು.

ಪಂಚಾಯಿತಿ ಕೂರಿಸುವ ಕ್ರಮ

ಹಾಗಾದರೆ ಪರೀಕ್ಷಿಸುವುದು ಹೇಗೆ? ಸ್ಥಿರವಾದದ್ದನ್ನು ಗುರುತಿಸಲು ಮತ್ತೊಂದು ಸ್ಥಿರವಾದದ್ದು ಬೇಕು. ಸೆವ್ರ್‌ನ ಗುಂಡಿನ ತೊಡಕೇ ಇಲ್ಲೂ ಎದುರಾಗುತ್ತದೆ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಯೋ ವಾಂಡೆಸೊಂಪೆಲೆ ಮತ್ತು ಸಂಗಡಿಗರು 2002ರಲ್ಲಿ ಒಂದು ಉಪಾಯ ಮುಂದಿಟ್ಟರು. ಅದಕ್ಕೆ ಜಿನಾರ್ಮ್ ಎಂದು ಹೆಸರು. ಅದರ ತರ್ಕ ಹೀಗಿದೆ: ಎರಡು ವಂಶವಾಹಿಗಳು ನಿಜವಾಗಿ ಸ್ಥಿರವಾಗಿದ್ದರೆ, ನಳಿಕೆಗೆ ಎಷ್ಟೇ ಆರ್‌ಎನ್ಎ ಬೀಳಲಿ, ಅವುಗಳ ನಡುವಿನ ಪ್ರಮಾಣ ಎಲ್ಲ ಮಾದರಿಗಳಲ್ಲೂ ಒಂದೇ ಇರಬೇಕು. ಅದು ಅಲುಗಾಡಿದರೆ ಇಬ್ಬರಲ್ಲಿ ಒಬ್ಬರಾದರೂ ಚಂಚಲ. ಎಂಟು ಹತ್ತು ಅಭ್ಯರ್ಥಿಗಳನ್ನು ಹೀಗೆ ಜೋಡಿ ಜೋಡಿಯಾಗಿ ಹೋಲಿಸಿ, ಅತಿ ಚಂಚಲನನ್ನು ಹೊರಗೆ ಕಳಿಸಿ, ಮತ್ತೆ ಹೋಲಿಸುತ್ತ ಹೋದರೆ ಕಡೆಗೆ ಗಟ್ಟಿಗರು ಉಳಿಯುತ್ತಾರೆ. ಒಬ್ಬನನ್ನೇ ನಂಬದೆ, ಉಳಿದ ಎರಡು ಮೂರು ವಂಶವಾಹಿಗಳ ಸರಾಸರಿಯನ್ನು ಆಧಾರವಾಗಿ ಹಿಡಿಯಬೇಕು.

ಇದರಲ್ಲೂ ಒಂದು ಕಳ್ಳದಾರಿ ಉಂಟು. ಒಂದೇ ಕೆಲಸ ಮಾಡುವ ಎರಡು ವಂಶವಾಹಿಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ, ಅವುಗಳ ನಡುವಿನ ಪ್ರಮಾಣ ಬದಲಾಗುವುದೇ ಇಲ್ಲ. ಇಬ್ಬರೂ ಸುಳ್ಳು, ಆದರೆ ಸಾಕ್ಷಿ ಮಾತ್ರ ಹೊಂದುತ್ತದೆ. ಪಂಚಾಯಿತಿಗೆ ಒಂದೇ ಮನೆಯ ಇಬ್ಬರನ್ನು ಕೂರಿಸಬಾರದು ಎನ್ನುವುದು ಇದಕ್ಕೇ. ಅಭ್ಯರ್ಥಿಗಳನ್ನು ಬೇರೆ ಬೇರೆ ಕಸುಬಿನವರಿಂದ ಆರಿಸಬೇಕು: ಒಬ್ಬ ಹಂದರದವನು, ಒಬ್ಬ ಪ್ರೊಟೀನು ಮಡಿಸುವವನು, ಇನ್ನೊಬ್ಬ ನಕಲು ತೆಗೆಯುವ ಕೆಲಸಕ್ಕೆ ಚಾಲನೆ ಕೊಡುವವನು. 2004ರಲ್ಲಿ ಬಂದ ನಾರ್ಮ್‌ಫೈಂಡರ್ ಎಂಬ ಇನ್ನೊಂದು ವಿಧಾನ ರೋಗಿಗಳ ಗುಂಪು ಮತ್ತು ಆರೋಗ್ಯವಂತರ ಗುಂಪಿನ ನಡುವಿನ ಏರಿಳಿತವನ್ನು ಪ್ರತ್ಯೇಕವಾಗಿ ಲೆಕ್ಕ ಹಾಕುತ್ತದೆ.

2009ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಸೇರಿ ಈ ಬಗೆಯ ಪ್ರಯೋಗಗಳನ್ನು ವರದಿ ಮಾಡುವಾಗ ಪಾಲಿಸಬೇಕಾದ ಕನಿಷ್ಠ ನಿಯಮಗಳನ್ನು ಪ್ರಕಟಿಸಿದರು. ಯಾವ ಆಧಾರ ವಂಶವಾಹಿ ಬಳಸಿದಿರಿ, ಅದು ನಿಮ್ಮ ಮಾದರಿಯಲ್ಲೇ ಸ್ಥಿರವೆಂದು ಹೇಗೆ ತೋರಿಸಿದಿರಿ ಎಂಬುದಕ್ಕೆ ಉತ್ತರ ಕೊಡಬೇಕೆಂಬುದು ಅದರಲ್ಲಿ ಮುಖ್ಯವಾದದ್ದು. ಪರೀಕ್ಷೆ ಮಾಡದ ಒಂದೇ ಒಂದು ಆಧಾರದ ಮೇಲೆ ನಿಂತ ಪ್ರಬಂಧಗಳು ಆಮೇಲೂ ನಿಂತಿಲ್ಲ. ಪರೀಕ್ಷೆಗೆ ಖರ್ಚು ಹೆಚ್ಚು, ಸಮಯ ಹೆಚ್ಚು. ರೂಢಿಯ ಬಲವೂ ಸಣ್ಣದಲ್ಲ.

ಹುಳುವಿಗೂ ಇನ್ಸುಲಿನ್

ಕೈವಾರದ ರೈತರಿಗೆ ಈ ಕಥೆಯ ಒಂದು ಪಾತ್ರಧಾರಿ ಚೆನ್ನಾಗಿ ಗೊತ್ತು. ಅದು ರೇಷ್ಮೆಹುಳು. ಗೂಡಿನ ವಹಿವಾಟಿಗೆ ನೆರೆಯ ಶಿಡ್ಲಘಟ್ಟದ ಮಾರುಕಟ್ಟೆ ಹೆಸರುವಾಸಿ. ಆ ಹುಳುವಿನ ದೇಹದಲ್ಲೂ ಇನ್ಸುಲಿನ್ನಿನ ಬಂಧುವೊಂದಿದೆ. ಲಕ್ಷಗಟ್ಟಲೆ ರೇಷ್ಮೆ ಪತಂಗಗಳ ತಲೆಗಳಿಂದ ಜಪಾನಿನ ವಿಜ್ಞಾನಿಗಳು ಒಂದು ಹಾರ್ಮೋನನ್ನು ಬೇರ್ಪಡಿಸಿ, ಅದರ ರಚನೆ ಮನುಷ್ಯರ ಇನ್ಸುಲಿನ್ನನ್ನು ಹೋಲುತ್ತದೆ ಎಂದು 1984ರಲ್ಲಿ ತೋರಿಸಿದರು. ಅದಕ್ಕೆ ಈಗ ಬಾಂಬಿಕ್ಸಿನ್ ಎಂದು ಹೆಸರು. 2011ರಲ್ಲಿ ಜಪಾನಿನದೇ ಇನ್ನೊಂದು ತಂಡ ರೇಷ್ಮೆಹುಳುವಿಗೆ ಗ್ಲೂಕೋಸ್ ಬೆರೆಸಿದ ಆಹಾರ ತಿನ್ನಿಸಿ ಅದರ ರಕ್ತದಲ್ಲಿ ಸಕ್ಕರೆ ಏರಿಸಿತು. ಮನುಷ್ಯರ ಇನ್ಸುಲಿನ್ ಚುಚ್ಚಿದಾಗ ಆ ಸಕ್ಕರೆ ಇಳಿಯಿತು. ಸಕ್ಕರೆ ಕಾಯಿಲೆಯ ಔಷಧಿಗಳನ್ನು ಮೊದಲ ಹಂತದಲ್ಲಿ ಹುಳುವಿನ ಮೇಲೆ ಪರೀಕ್ಷಿಸುವ ದಾರಿ ಹೀಗೆ ತೆರೆಯಿತು.

ಅಲ್ಲೂ ಅದೇ ಪ್ರಶ್ನೆ ಕಾಡುತ್ತದೆ. ಹುಳು ನಾಲ್ಕು ಜ್ವರ ದಾಟಿ, ಹಣ್ಣಾಗಿ, ಚಂದ್ರಿಕೆ ಏರಿ ಗೂಡು ಕಟ್ಟಿ, ಕೋಶವಾಗಿ, ಪತಂಗವಾಗುತ್ತದೆ. ಒಂದೇ ಜನ್ಮದಲ್ಲಿ ದೇಹವನ್ನು ಕೆಡವಿ ಮತ್ತೆ ಕಟ್ಟಿಕೊಳ್ಳುತ್ತದೆ. ಆಕ್ಟಿನ್ ಎ3, ಆರ್‌ಪಿ 49 ಎಂಬ ವಂಶವಾಹಿಗಳನ್ನು ರೇಷ್ಮೆ ಪ್ರಯೋಗಗಳಲ್ಲಿ ಆಧಾರವಾಗಿ ಬಳಸುವುದು ವಾಡಿಕೆ. ಎರಡನೇ ಜ್ವರದ ಹುಳುವಿನಲ್ಲಿ ಸ್ಥಿರವಾಗಿದ್ದದ್ದು ಕೋಶದಲ್ಲಿ ಸ್ಥಿರವಾಗಿರುತ್ತದೆ, ರೇಷ್ಮೆಗ್ರಂಥಿಯಲ್ಲಿ ಸರಿಹೋದದ್ದು ಕೊಬ್ಬಿನ ಅಂಗಾಂಶಕ್ಕೂ ಸರಿಹೋಗುತ್ತದೆ ಎಂದು ಮುಂಗಡವಾಗಿ ಹೇಳಲಾಗದು. ಪ್ರತಿ ಹಂತಕ್ಕೂ ಪ್ರತಿ ಅಂಗಕ್ಕೂ ಕಲ್ಲನ್ನು ಹೊಸದಾಗಿ ಪರೀಕ್ಷಿಸಬೇಕು.

ಮೈಸೂರಿನ ಹಳೆಯ ದಫ್ತರ

ಅಳತೆಯನ್ನು ಶ್ರದ್ಧೆಯಿಂದ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಕರ್ನಾಟಕದಲ್ಲೇ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲಿಸಿಡುವ ಪದ್ಧತಿ ಇತ್ತು. ಅದು ಯಾವ ಸಂಶೋಧನೆಗೂ ಅಲ್ಲ, ಹೆರಿಗೆ ವಾರ್ಡಿನ ನಿತ್ಯದ ಕೆಲಸ. ಆರು ದಶಕಗಳ ಮೇಲೆ, 1990ರ ದಶಕದಲ್ಲಿ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಆ ದಾಖಲೆಗಳನ್ನು ಹಿಡಿದು, ಹುಟ್ಟಿದವರನ್ನು ನಡುವಯಸ್ಸಿನಲ್ಲಿ ಪತ್ತೆ ಹಚ್ಚಿ ಪರೀಕ್ಷಿಸಿದರು. ಹುಟ್ಟುವಾಗಿನ ಗಾತ್ರಕ್ಕೂ ಹೃದ್ರೋಗ ಮತ್ತು ಸಕ್ಕರೆ ಕಾಯಿಲೆಗೂ ಇರುವ ನಂಟು ಕಂಡದ್ದು ಹೀಗೆ. ಉದ್ದ ಕಡಿಮೆಯಿದ್ದು ಆ ಉದ್ದಕ್ಕೆ ದಪ್ಪಗಿದ್ದ ಶಿಶುಗಳು ಮುಂದೆ ಸಕ್ಕರೆ ಕಾಯಿಲೆಗೆ ಹೆಚ್ಚು ಈಡಾಗಿದ್ದರು. ಅವರ ತಾಯಂದಿರ ತೂಕವೂ ಹೆಚ್ಚಿತ್ತು.

ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಎಂಟುನೂರಕ್ಕೂ ಹೆಚ್ಚು ಗರ್ಭಿಣಿಯರನ್ನು ಸೇರಿಸಿಕೊಂಡು ಆರಂಭವಾದ ಪಾರ್ಥೆನಾನ್ ಅಧ್ಯಯನ ಅವರ ಮಕ್ಕಳನ್ನು ವರ್ಷಗಳ ಕಾಲ ಹಿಂಬಾಲಿಸಿತು. ಬಸುರಿಯಲ್ಲಿ ಸಕ್ಕರೆ ಕಾಯಿಲೆ ಕಂಡ ತಾಯಂದಿರ ಮಕ್ಕಳಲ್ಲಿ ಬಾಲ್ಯದಲ್ಲೇ ಮೈಕೊಬ್ಬು ಮತ್ತು ಇನ್ಸುಲಿನ್ ಪ್ರತಿರೋಧ ಹೆಚ್ಚಿದ್ದದ್ದು ಬೆಳಕಿಗೆ ಬಂತು. ಗರ್ಭದಲ್ಲಿ ಸಿಕ್ಕ ಸಕ್ಕರೆಯ ಪಾಠವನ್ನು ಮಗುವಿನ ವಂಶವಾಹಿಗಳು ಹೇಗೆ ನೆನಪಿಟ್ಟುಕೊಳ್ಳುತ್ತವೆ? ಈ ಪ್ರಶ್ನೆಗೆ ನಕಲುಗಳನ್ನು ಎಣಿಸದೆ ಪೂರ್ಣ ಉತ್ತರ ಸಿಗುವುದಿಲ್ಲ. ಎಣಿಸಲು ಕರಗದ ಕಲ್ಲು ಬೇಕು.

ರಕ್ತ ಕೊಟ್ಟವರ ಪಾಲು

ಇದು ಪ್ರಯೋಗಾಲಯದ ಒಳಜಗಳವೆಂದು ತಳ್ಳಿಹಾಕುವಂತಿಲ್ಲ. ಸಂಶೋಧನೆಗೆಂದು ಸೂಜಿಗೆ ತೋಳೊಡ್ಡುವವರು ಸಾಮಾನ್ಯ ಜನ. ಶಸ್ತ್ರಕ್ರಿಯೆಯ ಸಮಯದಲ್ಲಿ ಒಂದು ಚೂರು ಕೊಬ್ಬು ಅಥವಾ ಸ್ನಾಯು ತೆಗೆದುಕೊಳ್ಳಲು ಒಪ್ಪಿಗೆ ಕೊಡುವವರೂ ಅವರೇ. ಒಮ್ಮೆ ಬಳಸಿದ ಮಾದರಿ ಮತ್ತೆ ಬರುವುದಿಲ್ಲ. ಅಲುಗಾಡುವ ಆಧಾರದ ಮೇಲೆ ಅದನ್ನು ಅಳೆದರೆ ಅವರ ಕೊಡುಗೆ ವ್ಯರ್ಥ. ಅದರ ಬೆನ್ನು ಹತ್ತಿ ಹೋದ ಮುಂದಿನ ಪ್ರಯೋಗಗಳ ಹಣವೂ ವ್ಯರ್ಥ.

'ಸಕ್ಕರೆ ಕಾಯಿಲೆಯ ವಂಶವಾಹಿ ಪತ್ತೆ' ಎಂಬ ತಲೆಬರಹ ಆಗಾಗ ಕಾಣಿಸುತ್ತದೆ. ಅಂಥ ಸುದ್ದಿ ಓದುವಾಗ ಮೂರು ಪ್ರಶ್ನೆ ಕೇಳುವುದು ಒಳ್ಳೆಯದು. ಏರಿತು ಅಥವಾ ಇಳಿಯಿತು ಎನ್ನುವುದು ಯಾವುದಕ್ಕೆ ಹೋಲಿಸಿ? ಆ ಆಧಾರ ಒಂದೋ ಹಲವೋ? ಅದು ಸಕ್ಕರೆ ಕಾಯಿಲೆಯವರ ಅದೇ ಅಂಗಾಂಶದಲ್ಲಿ ಸ್ಥಿರವೆಂದು ಯಾರಾದರೂ ನೋಡಿದ್ದಾರೆಯೇ? ಉತ್ತರವಿದ್ದರೆ ಸುದ್ದಿಗೆ ತೂಕವಿದೆ. ಇಲ್ಲದಿದ್ದರೆ ಸ್ವಲ್ಪ ಕಾಯುವುದೇ ಲೇಸು. ಸಂತೆಯಲ್ಲಿ ಬೆಲೆ ಕೇಳುವ ಮೊದಲು ತಕ್ಕಡಿಯ ಮುಳ್ಳು ನೋಡುವ ಅಭ್ಯಾಸ ನಮ್ಮ ಹಳ್ಳಿಗಳಿಗೆ ಹೊಸದೇನೂ ಅಲ್ಲ.